ಲೇಡೀಜ್ ಫೋಲ್ಡರ್

ಶಾಂಭವಿ ಮೌಸನ್ನು ಮುಟ್ಟುತ್ತಲೇ ಇರಲಿಲ್ಲ. ರಾಜೇಶ್ವರಿಗೆ ಮೊಟ್ಟಮೊದಲು ಹೊಟ್ಟೆ ಉರಿದದ್ದು ಇದಕ್ಕೇ. ಇಷ್ಟು ವರ್ಷ ತನ್ನ ಅಂಗೈಯಡಿ ಸವೆದು ನುಣುಪಾದ ಮೌಸನ್ನು ಈ ಹುಡುಗಿ ಬಂದ ಹೊಸದರಲ್ಲೇ ಮೇಜಿನ ಮೂಲೆಗೆ ತಳ್ಳಿ, ಅದರ ಜಾಗದಲ್ಲಿ ಚಹಾದ ಬಸಿ ಇಟ್ಟುಕೊಂಡಿದ್ದಳು. ಪರದೆಯ ತುಂಬ ಒಂದು ಕರಿ ಕಿಟಕಿ, ಅದರೊಳಗೆ ಬಿಳಿ ಅಕ್ಷರ. ಎಲ್, ಎಸ್ ಎಂದು ಎರಡೇ ಅಕ್ಷರ ಒತ್ತಿ ಎಂಟರ್ ಹೊಡೆದರೆ ಫೋಲ್ಡರಿನಲ್ಲಿದ್ದದ್ದೆಲ್ಲ ಸಾಲಾಗಿ ಬಂದು ನಿಲ್ಲುತ್ತಿತ್ತು. ಸಿ, ಡಿ ಎಂದು ಒತ್ತಿ ಊರಿನ ಹೆಸರು ಬರೆದರೆ ಆ ಊರಿನ ಫೋಲ್ಡರಿನೊಳಗೆ ಹೊಕ್ಕಂತೆ. ಒಂದೊಂದನ್ನೇ ಒತ್ತಿ ತೆರೆಯುವುದಿಲ್ಲ, ಫೋಲ್ಡರಿನ ಹಳದಿ ಚಿತ್ರಗಳಿಲ್ಲ, ಹಿಡಿದೆಳೆಯುವುದಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ನೆಟ್ಟಗೆ ಕೂತು, ಎರಡೂ ಕೈಯ ಬೆರಳುಗಳನ್ನು ಕೀಬೋರ್ಡಿನ ಮೇಲೆ ಆಡಿಸುತ್ತ, ನಡುನಡುವೆ ಚಹಾ ಗುಟುಕರಿಸುತ್ತ ಅವಳು ಕೆಲಸ ಮಾಡುವುದನ್ನು ರಾಜೇಶ್ವರಿ ಹಿಂದೆ ನಿಂತು ಆಲ್ಬಮ್ಮಿನ ಹಾಳೆ ಕತ್ತರಿಸುವ ನೆಪದಲ್ಲಿ ನೋಡುತ್ತಿದ್ದಳು. ಚಹಾ ತಂದುಕೊಟ್ಟವಳು ಅತ್ತೆ ಕಳಕವ್ವ. ತಾನು ಈ ಮನೆ ತುಂಬಿದಾಗಿನಿಂದ ಅತ್ತೆ ಅಡುಗೆಮನೆಯ ಹೊಸ್ತಿಲು ದಾಟಿ ಅಂಗಡಿಯವರೆಗೆ ಚಹಾ ತಂದದ್ದನ್ನು ರಾಜೇಶ್ವರಿ ಕಂಡಿರಲಿಲ್ಲ. ಹೊಟ್ಟೆಕಿಚ್ಚಿಗೆ ಕಾರಣ ಬೇಕೇ ಬೇಕೆಂದೇನಿಲ್ಲ, ಆದರೆ ಸಿಕ್ಕ ಕಾರಣವನ್ನು ಅದು ಬೇಡ ಎನ್ನುವುದೂ ಇಲ್ಲ. ಹಾಳೆ ಸೊಟ್ಟಗೆ ಕತ್ತರಿಸಿಹೋಯಿತು.

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮುಂದೆ ಫೋಟೋ ಸ್ಟುಡಿಯೋ, ಹಿಂದೆ ಮನೆ. ಫೋಟೋ ತೆಗೆಯುವವನು ರಾಜೇಶ್ವರಿಯ ಗಂಡ ಸಿದ್ದಾರೂಢ. ವಿಡಿಯೋ ನೋಡಿಕೊಳ್ಳುವವನು ಮೈದುನ ಶಶಿಕಾಂತ. ಕಳೆದ ವರ್ಷ ನರಗುಂದದಿಂದ ಅವನಿಗೆ ತಂದ ಹೆಣ್ಣೇ ಶಾಂಭವಿ, ಕಂಪ್ಯೂಟರ್ ಓದಿದವಳು, ನೆಗೆಣ್ಣಿಯಾಗಿ ಬಂದರೂ ಬಾಯ್ತುಂಬ ಅಕ್ಕಾ ಎನ್ನುವವಳು. ಅದೊಂದು ಬೇರೆ ಕಿರಿಕಿರಿ. ಸೊಕ್ಕಿನವಳಾಗಿದ್ದರೆ ಜಗಳವಾಡಬಹುದಿತ್ತು, ಸೋಮಾರಿಯಾಗಿದ್ದರೆ ಅತ್ತೆಯ ಕಿವಿಗೆ ಹಾಕಬಹುದಿತ್ತು. ಶಾಂಭವಿ ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುತ್ತಿದ್ದಳು, ಎರಡು ಮನೆಯಾಚೆಗೆ ಕೇಳುವಂತೆ ನಗುತ್ತಿದ್ದಳು, ಹಬ್ಬಕ್ಕೆ ತವರಿನಿಂದ ಬಂದ ಸೀರೆಯನ್ನು ಮೊದಲು ಅಕ್ಕನ ಮುಂದೆ ಹಿಡಿದು ನಿಮಗ್ಯಾವುದು ಬೇಕೋ ಆರಿಸ್ಕೋರಿ ಎನ್ನುತ್ತಿದ್ದಳು. ರಾಜೇಶ್ವರಿ ಆರಿಸಿಕೊಂಡಿದ್ದಳು ಕೂಡ, ಚೆನ್ನಾಗಿದ್ದದ್ದನ್ನೇ. ಉಟ್ಟಾಗಲೆಲ್ಲ ಅದು ಮೈಮೇಲೆ ಚುಚ್ಚುತ್ತಿತ್ತು.

ಆ ಫೋಲ್ಡರುಗಳನ್ನು ಕಟ್ಟಿದವಳು ಮಾತ್ರ ರಾಜೇಶ್ವರಿಯೇ, ಇದನ್ನು ಯಾರೂ ಕಸಿದುಕೊಳ್ಳಲಾರರು ಎಂದು ಅವಳು ತಿಳಿದಿದ್ದಳು. ಮೊದಲು ಊರು, ನರೇಗಲ್, ಸವಡಿ, ಅಸೂಟಿ, ರೋಣ. ಊರೊಳಗೆ ಮನೆತನ. ಮನೆತನದೊಳಗೆ ಮದುವೆ. ಮದುವೆಯೊಳಗೆ ಎರಡು ಫೋಲ್ಡರು, ಒಂದು ಮೇನ್, ಇನ್ನೊಂದು ಲೇಡೀಜ್. ಮೇನ್ ಎಂದರೆ ಗಂಡನ ಕ್ಯಾಮೆರಾದ್ದು, ಎಣಿಕೆಯಲ್ಲಿ ಯಾವಾಗಲೂ ದೊಡ್ಡದು, ತಾಳಿ, ಅಕ್ಷತೆ, ಪಟಗ ಸುತ್ತಿದ ಹಿರಿಯರ ಸಾಲು, ವೇದಿಕೆಯ ಮೇಲೆ ಕೈಕುಲುಕುವ ಮಂದಿ. ಲೇಡೀಜ್ ಎಂದರೆ ಅವಳದೇ ಕ್ಯಾಮೆರಾ. ಅರಿಷಿಣ ಹಚ್ಚುವಾಗ, ಬಳೆ ಇಡಿಸುವಾಗ, ಒಳಮನೆಯಲ್ಲಿ ಹೆಂಗಸರು ಹಾಡು ಹೇಳುತ್ತ ಒಬ್ಬರ ಮೇಲೊಬ್ಬರು ಬಿದ್ದು ನಗುವಾಗ ಪರಗಂಡಸು ಕ್ಯಾಮೆರಾ ಹಿಡಿದು ನುಗ್ಗಿದರೆ ಚೆನ್ನಾಗಿರುವುದಿಲ್ಲವೆಂದು ಸಿದ್ದಾರೂಢ ಎರಡನೆಯ ಕ್ಯಾಮೆರಾವನ್ನು ಹೆಂಡತಿಯ ಕೈಗೆ ಕೊಟ್ಟಿದ್ದ. ಒತ್ತು, ಅಷ್ಟೇ, ಉಳಿದದ್ದನ್ನು ಅದೇ ಮಾಡುತ್ತದೆ ಎಂದಿದ್ದ. ಉಳಿದದ್ದನ್ನು ಅದು ಮಾಡುವುದಿಲ್ಲವೆಂದು ಅವಳಿಗೆ ತಾನು ಫೋಟೋ ತೆಗೆದ ಎರಡನೇ ಮದುವೆಗೇ ತಿಳಿಯಿತು. ಯಾವ ಕಿಟಕಿಯ ಬೆಳಕು ಯಾರ ಮುಖಕ್ಕೆ ಬರುತ್ತದೆ, ಯಾವ ಮುದುಕಿ ಕ್ಯಾಮೆರಾ ಕಂಡೊಡನೆ ಬಾಯಿ ಬಿಗಿಯುತ್ತಾಳೆ, ಎಷ್ಟು ಹೊತ್ತು ಸುಮ್ಮನೆ ಕೂತರೆ ಮತ್ತೆ ಬಿಡುತ್ತಾಳೆ, ಎಲ್ಲ ಕಲಿತಳು. ಯಾರಿಗೂ ಹೇಳಲಿಲ್ಲ. ಕೇಳಿದವರೂ ಇಲ್ಲ. ಆಲ್ಬಮ್ಮಿನಲ್ಲಿ ಅವಳ ಫೋಟೋಗಳಿಗೆ ಕೊನೆಯ ನಾಲ್ಕು ಪುಟ, ಅದೂ ಜಾಗ ಉಳಿದರೆ.

ಎರಡು ಫೋಲ್ಡರು ಬೇರೆ ಬೇರೆ ಇಟ್ಟದ್ದಕ್ಕೆ ಒಂದು ಕಾರಣವಿತ್ತು. ಸತ್ತವರ ಮನೆಗೂ ಇದೇ ಕ್ಯಾಮೆರಾ ಹೋಗುತ್ತದೆ. ಹೆಣವನ್ನು ಕೂಡಿಸಿ, ಹೂವು ಏರಿಸಿ, ಮನೆಮಂದಿಯೆಲ್ಲ ಸುತ್ತ ನಿಂತು ತೆಗೆಸಿಕೊಳ್ಳುವುದು ಈ ಕಡೆಯ ರೂಢಿ. ಅಲ್ಲಿಗೆ ನಿಂತ ಫೋಟೋ ನಂಬರಿನ ಎಣಿಕೆ ಮರುದಿನ ಮದುವೆಮನೆಯಲ್ಲಿ ಮುಂದುವರಿಯಬಾರದು, ಹೆಣದ ಬೆನ್ನಿಗೆ ಮದುಮಗಳ ನಂಬರು ಬರಬಾರದು ಎಂದು ಕಳಕವ್ವ ಹಟ ಹಿಡಿದಿದ್ದಳು. ಹಾಗಾಗಿ ಪ್ರತಿ ಮದುವೆಯ ಬೆಳಿಗ್ಗೆ ಎರಡೂ ಕ್ಯಾಮೆರಾಕ್ಕೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಎಣಿಕೆಯನ್ನು ಹೊಸದಾಗಿ ಒಂದರಿಂದ ಶುರು ಮಾಡುವುದು ಈ ಸ್ಟುಡಿಯೋದ ಪದ್ಧತಿ. ಎರಡೂ ಒಂದೇ ಕಂಪನಿಯವು, ನಂಬರನ್ನೇ ಫೋಟೋದ ಹೆಸರಾಗಿ ಇಡುವವು. ಗಂಡನ ಒಂದನೇ ಫೋಟೋದ ಹೆಸರೂ ಅದೇ, ಅವಳ ಒಂದನೇ ಫೋಟೋದ ಹೆಸರೂ ಅದೇ. ಬಹಳ ಹಿಂದೊಮ್ಮೆ ಎರಡನ್ನೂ ಒಂದರಲ್ಲೇ ಎಳೆದು ಹಾಕಲು ಹೋದಾಗ ಕಂಪ್ಯೂಟರ್ ತಡೆದು, ಇದೇ ಹೆಸರಿನದು ಆಗಲೇ ಇದೆ, ಹಳೆಯದನ್ನು ತೆಗೆದು ಹೊಸದನ್ನು ಇಡಲೇ ಎಂದು ಕೇಳಿತ್ತು. ರಾಜೇಶ್ವರಿ ಬೆಚ್ಚಿ ಬೇಡ ಎಂದು ಒತ್ತಿದ್ದಳು. ಅಂದಿನಿಂದ ಎರಡು ಫೋಲ್ಡರು. ಇದನ್ನು ಸಿದ್ದಾರೂಢನಿಗೆ ಹೇಳಿದಾಗ ಅವನು ಹೂಂ ಎಂದು ಲೆನ್ಸ್ ಒರೆಸುತ್ತ ಕೂತಿದ್ದ. ಈಗ ಅದೇ ಸಿದ್ದಾರೂಢ ಶಾಂಭವಿಯ ಕುರ್ಚಿಯ ಹಿಂದೆ ನಿಂತು, ಪಕ್ಕದ ಮೊಬೈಲ್ ಅಂಗಡಿಯ ಗೌಸುಸಾಬನನ್ನು ಕರೆದು ತೋರಿಸುತ್ತಿದ್ದ.

"ನೋಡೋ ಗೌಸು, ಕೈಯಾಗ ಮೌಸ್ ಇಲ್ಲ ಏನಿಲ್ಲ, ಬರೇ ಬರದ ಹುಕುಂ ಕೊಡತಾಳ ನಮ್ಮಾಕಿ. ಇಷ್ಟ್ ವರ್ಷದ ಕಸಾ ಒಂದ್ ತಾಸಿನ್ಯಾಗ ಹಸನ ಮಾಡ್ತೇನಿ ಅಂತಾಳ."

ಕಸ. ಆ ಮಾತು ಅವನ ಬಾಯಿಂದ ಎಷ್ಟು ಹಗುರವಾಗಿ ಬಂತೆಂದರೆ ಅದರ ಹಿಂದೆ ಬೇಸರವಾಗಲಿ ಕುಹಕವಾಗಲಿ ಏನೂ ಇರಲಿಲ್ಲ, ಅದೇ ಅವಳನ್ನು ಇರಿಯಿತು. ನಮ್ಮಾಕಿ ಎಂದನಲ್ಲ. ತನ್ನನ್ನು ಅಂಗಡಿಯಲ್ಲಿ ಯಾರಿಗಾದರೂ ತೋರಿಸಿ ನಮ್ಮಾಕಿ ಎಂದದ್ದುಂಟೇ? ಇದಕ್ಕೂ ಮುಂಚೆ ಒಂದು ಮಧ್ಯಾಹ್ನ ಎಲ್ಲರೂ ನರೇಗಲ್ಲಿನ ಸೀಮಂತಕ್ಕೆ ಹೋಗಿದ್ದಾಗ ತಲೆನೋವೆಂದು ಹಿಂದುಳಿದು ಅವಳು ಆ ಕರಿ ಕಿಟಕಿಯನ್ನು ತೆರೆದಿದ್ದಳು. ಬಾಗಿಲಿನ ಶಟರ್ ಅರ್ಧ ಎಳೆದಿದ್ದಳು, ಕಳ್ಳತನ ಮಾಡುವವಳ ಹಾಗೆ. ಎರಡಕ್ಷರ ಒತ್ತಿದಳು. ಏನೋ ಬಂತು. ಖುಷಿಯಾಗಿ ಊರಿನ ಹೆಸರು ಒತ್ತಿದಳು, ಸವಡಿ, ಅವಳ ತವರು. ಅಂಥ ಆಜ್ಞೆ ಇಲ್ಲ ಎಂದಿತು. ತವರಿನ ಹೆಸರನ್ನೇ ಬೇರೆ ಬೇರೆ ಬಗೆಯಲ್ಲಿ ಬರೆದು ಬರೆದು ಒತ್ತಿದಳು, ಇಲ್ಲ, ಇಲ್ಲ, ಇಲ್ಲ. ಬೆವರಿ ಕಿಟಕಿ ಮುಚ್ಚಿ ಎದ್ದುಹೋದಳು. ಮರುದಿನ ಶಾಂಭವಿ ಬಂದು ಕೂತು, ತನ್ನ ಹಿಂದಿನ ಆಜ್ಞೆಯನ್ನು ಮರಳಿ ತರಲೆಂದು ಮೇಲ್ಬಾಣದ ಗುಂಡಿ ಒತ್ತಿದಾಗ, ಒಂದರ ಹಿಂದೊಂದು ರಾಜೇಶ್ವರಿಯ ಸವಡಿಗಳು ಪರದೆಯ ಮೇಲೆ ಬಂದವು. ಮುಚ್ಚಿದ ಮೇಲೂ ಅದು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆಂದು ಯಾರಿಗೆ ಗೊತ್ತಿತ್ತು! ಶಾಂಭವಿಯ ಬೆರಳು ಒಂದು ಕ್ಷಣ ನಿಂತಿತು. ಅವಳು ಹಿಂತಿರುಗಿ ನೋಡಲಿಲ್ಲ, ನಗಲಿಲ್ಲ. ಗುಂಡಿಯನ್ನು ಲಗುಬಗೆಯಿಂದ ಒತ್ತುತ್ತ ಅವನ್ನೆಲ್ಲ ದಾಟಿಸಿಬಿಟ್ಟಳು. ನಕ್ಕಿದ್ದರೆ ಕ್ಷಮಿಸಬಹುದಿತ್ತೇನೋ. ಸಂಜೆ ರೊಟ್ಟಿ ತಟ್ಟುವಾಗ, "ಅಕ್ಕಾ, ನಿಮಗ ಬೇಕಂದ್ರ ಕಲಿಸ್ತೇನ್ರಿ, ಭಾಳ ಸಸಾರ ಐತಿ" ಎಂದಳು. "ನನಗ್ಯಾಕವಾ ಈ ವಯಸ್ಸಿನ್ಯಾಗ" ಎಂದು ರಾಜೇಶ್ವರಿ ಒಲೆಯ ಉರಿ ಸಣ್ಣ ಮಾಡಿದಳು. ನಲವತ್ತು ದಾಟಿ ಇನ್ನೂ ಬಹಳವಾಗಿರಲಿಲ್ಲ.

ಈಗ ಶಾಂಭವಿ ಕುರ್ಚಿ ತಿರುಗಿಸಿ ಅವಳತ್ತ ಮುಖ ಮಾಡಿದ್ದಳು. "ಅಕ್ಕಾ, ಒಂದ್ ಸ್ವಲ್ಪ ನೋಡ್ರಿ ಇಲ್ಲೆ. ಪ್ರತಿ ಮದವಿಯೊಳಗ ಎರಡೆರಡ್ ಫೋಲ್ಡರ್ ಅದಾವಲ್ರಿ, ಅವನ್ನ ಒಡದು ಎಲ್ಲಾ ಫೋಟೋ ಒಂದರಾಗ ತರ್ತೇನ್ರಿ. ಆಮ್ಯಾಲ ಗಿರಾಕಿ ಮಂದಿ ಮೊಬೈಲಿನ್ಯಾಗಽ ನೋಡಿ ಆರಿಸ್ಕೋಬಹುದು. ಒಂದೊಂದಽ ಎಳ್ಯಾಕ ಹೋದ್ರ ವರ್ಷ ಬೇಕು. ಅದಕ್ಕ ನಾಕ್ ಸಾಲಿಂದು ಬರದೇನ್ರಿ, ಅದಽ ಒಂದೊಂದ್ ಮದವೀಗೆ ಹೊಕ್ಕು, ಒಳಗಿದ್ದದ್ದು ಹೊರಗ ತಂದು, ಖಾಲಿ ಫೋಲ್ಡರ್ ಕಿತ್ತ ಒಗೀತೈತಿ."

"ಕಾಪಿ ಅದಾವನು ಬ್ಯಾರೆ ಕಡೆ?" ಎಂದು ಶಶಿಕಾಂತ ಒಳಗಿನಿಂದಲೇ ಕೂಗಿ ಕೇಳಿದ. ಕಾಪಿ ಇಡುತ್ತಿದ್ದ ಹೊರಗಿನ ಡಿಸ್ಕು ಹೋದ ಬೇಸಿಗೆಯಲ್ಲಿ ಕೆಳಗೆ ಬಿದ್ದು ಕೆಟ್ಟಿತ್ತು, ಹೊಸದು ತರೋಣ ತರೋಣ ಎನ್ನುತ್ತ ಸಿದ್ದಾರೂಢ ತಂದಿರಲಿಲ್ಲ. "ಏ, ಏನ್ ಅಳಸಾಕತ್ತಾಳೇನಲೇ, ಇಲ್ಲಿಂದು ಅಲ್ಲಿಗಿ ಇಡಾಕತ್ತಾಳ. ಮಾಡವಾ ನೀನು" ಎಂದ ಸಿದ್ದಾರೂಢ.

ಪರದೆಯಲ್ಲಿ ನಾಲ್ಕು ಸಾಲು. ಅದರಲ್ಲಿ ಎಂ, ವಿ ಎಂಬೆರಡು ಅಕ್ಷರ ರಾಜೇಶ್ವರಿಗೆ ಗುರುತು ಹತ್ತಿತು, ಇಲ್ಲಿದ್ದದ್ದನ್ನು ಅಲ್ಲಿಗೆ ಸಾಗಿಸುವುದು ಅದು, ಶಾಂಭವಿಯೇ ಎಂದೋ ಹೇಳಿದ್ದು. ಎರಡರ ನಂಬರೂ ಒಂದೇ ಇವೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಇಷ್ಟೇ ಹೇಳಿದ್ದರೆ ಸಾಕಿತ್ತು. ಹುಡುಗಿ ಹೌದೇನ್ರಿ ಎಂದು ಹಣೆ ಚಚ್ಚಿಕೊಂಡು, ನಾಲ್ಕು ಸಾಲನ್ನು ತಿದ್ದುತ್ತಿದ್ದಳು. ಆಮೇಲೆ ಏನಾಗುತ್ತಿತ್ತು? ಆಮೇಲೂ ಅದು ಅವಳ ಕೆಲಸವೇ ಆಗುತ್ತಿತ್ತು. ಗೌಸುಸಾಬ ಅವಳನ್ನೇ ಹೊಗಳುತ್ತಿದ್ದ. ಈ ಕರಿ ಕಿಟಕಿ ಏನನ್ನೂ ಕೇಳುವುದಿಲ್ಲವೇ, ತನ್ನನ್ನು ಆವತ್ತು ತಡೆದು ಕೇಳಿದಂತೆ ಅವಳನ್ನು ಕೇಳುವುದಿಲ್ಲವೇ, ಕೇಳಿದರೆ ಕೇಳಲಿ. ಕೇಳದಿದ್ದರೆ? ಗಂಡನ ತಾಳಿ ಕಟ್ಟುವ ಫೋಟೋಗಳು ಹೋಗುತ್ತವೆ. ಮೌಸ್ ಹಿಡಿದು ತಾನು ಯಾವಾಗಲೂ ಮೇನ್ ಮೊದಲು ಎಳೆಯುತ್ತಿದ್ದಳು, ಲೇಡೀಜ್ ಆಮೇಲೆ, ಆಮೇಲೆ ಬಂದದ್ದೇ ಮೊದಲಿದ್ದದ್ದನ್ನು ನುಂಗುವುದು. ಹೋಗಲಿ. ಒಂದು ಸಲ, ಒಂದೇ ಒಂದು ಸಲ, ಈ ಹುಡುಗಿಯ ಮುಖ ಸಣ್ಣದಾಗುವುದನ್ನು ನೋಡಬೇಕು. ಅತ್ತೆ ಬಸಿಯನ್ನು ಅರ್ಧ ದಾರಿಯಿಂದಲೇ ತಿರುಗಿ ಒಯ್ಯಬೇಕು. ಇಷ್ಟು ಸ್ಪಷ್ಟವಾಗಿ ತನ್ನ ಮನಸ್ಸು ತನಗೇ ಕಂಡದ್ದು ಅವಳಿಗೆ ಹೆದರಿಕೆ ಹುಟ್ಟಿಸಿತು. ಆದರೂ ಅದರಿಂದ ಕಣ್ಣು ಕೀಳಲಿಲ್ಲ.

"ಏನರ ಹೇಳೂದು ಐತೇನ್ರಿ ಅಕ್ಕಾ?" ಶಾಂಭವಿ ಬೆರಳನ್ನು ಎಂಟರ್ ಮೇಲಿಟ್ಟು ಕಾಯುತ್ತಿದ್ದಳು. "ಇವೆಲ್ಲಾ ನೀವಽ ಮಾಡಿದ್ದು. ಹೊಡೀಲ್ರಿ?"

"ನಿನಗ ತಿಳಿದಂಗ ಮಾಡವಾ" ಎಂದಳು ರಾಜೇಶ್ವರಿ.

ಕಿಟಕಿ ಏನನ್ನೂ ಕೇಳಲಿಲ್ಲ. ಒಂದು ಅಕ್ಷರವನ್ನೂ ಮೂಡಿಸದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಮೊದಲಿನಂತೆ ಮಿನುಗುತ್ತ ಮುಂದಿನ ಹುಕುಂಗೆ ಕಾಯಿತು. ಇಷ್ಟೇನಾ ಎನ್ನಿಸಿತು ಅವಳಿಗೆ. ಏನಾದರೂ ಸದ್ದಾದರೂ ಆಗಬೇಕಿತ್ತು. ಶಾಂಭವಿ ಒಂದೆರಡು ಮದುವೆಗಳನ್ನು ತೆರೆದು ನೋಡಿದಳು, ಫೋಟೋಗಳೇನೋ ಸಾಲಾಗಿ ಬಂದವು. ಡಿಸ್ಕಿನಲ್ಲಿ ಬಹಳ ಜಾಗ ಬಿಡುವಾಗಿದೆಯೆಂದು ಸಿದ್ದಾರೂಢ ಹಿಗ್ಗಿದ. ಬೆಳಿಗ್ಗೆ ಒಂದಿಷ್ಟು ಹಳೆಯ ವಿಡಿಯೋ ತೆಗೆದು ಹಾಕಿದ್ದೆನಲ್ಲ, ಅದಕ್ಕಿರಬೇಕು ಎಂದಳು ಶಾಂಭವಿ. ಬಿಡುವಾದ ಜಾಗಕ್ಕೆ ಆ ವಾರದ ಮದುವೆಗಳನ್ನೆಲ್ಲ ಸುರಿದರು. ರಾಜೇಶ್ವರಿ ಕಾಯುತ್ತಿದ್ದಳು. ಮೊಬೈಲ್ ರಿಂಗಾದರೆ, ಶಟರಿನ ಮುಂದೆ ಗಾಡಿ ನಿಂತರೆ, ಯಾರಾದರೂ ಏರು ದನಿಯಲ್ಲಿ ಮಾತಾಡಿದರೆ ಕೈಯ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು. ಅದು ಭಯವೋ ಆಸೆಯೋ ಅವಳಿಗೇ ಬಿಡಿಸಿ ಹೇಳಲಾಗುತ್ತಿರಲಿಲ್ಲ. ಹೋಗಿ ಮೌಸ್ ಹಿಡಿದು ತೆರೆದು ನೋಡಬಹುದಿತ್ತು, ಅಷ್ಟು ಅವಳಿಗೆ ಬರುತ್ತಿತ್ತು. ನೋಡಿದರೆ ಗೊತ್ತಾಗುತ್ತದೆ, ಗೊತ್ತಾದರೆ ಹೇಳಬೇಕಾಗುತ್ತದೆ ಎಂದು ಅಂಗಡಿಯತ್ತಲೇ ಹೆಚ್ಚು ಸುಳಿಯಲಿಲ್ಲ.

ರೋಣದ ಗಿರಾಕಿಯೊಬ್ಬರು ಹಳೆಯ ಮದುವೆಯ ಫೋಟೋ ದೊಡ್ಡದು ಮಾಡಿಸಲು ಬಂದ ದಿನ ಅವಳು ಬಾಗಿಲ ಮರೆಯಲ್ಲಿ ನಿಂತಿದ್ದಳು. ಶಾಂಭವಿ ಏನೋ ಒತ್ತಿದಳು. ಪರದೆಯಲ್ಲಿ ತಾಳಿ ಕಟ್ಟುವ ಫೋಟೋ, ಗಂಡ ತೆಗೆದದ್ದು, ಹಾಗೇ ಇತ್ತು. ಅದರ ಹಿಂದಿನದು, ಅದರ ಮುಂದಿನದು, ಎಲ್ಲ ಇದ್ದವು. ಗಿರಾಕಿ ಹೊಸ ಸೊಸೆಯನ್ನು ಹೊಗಳಿಹೋದರು. ಹಾಗಾದರೆ ಆ ಕಿಟಕಿಗೆ ಎಲ್ಲ ತಿಳಿಯುತ್ತದೆ! ಒಂದೇ ಹೆಸರಿನ ಎರಡನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಅದಕ್ಕೆ ಗೊತ್ತಿದೆ, ಅಥವಾ ಅವಳಿಗೆ ಗೊತ್ತಿದೆ. ತಾನು ಕಂಡುಹಿಡಿದ ದೊಡ್ಡ ಸಂಗತಿಯೆಂದು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದು ಓದಿದವರಿಗೆ ಏನೂ ಅಲ್ಲದ ಮಾತು. ಬಾಯಿ ಮುಚ್ಚಿಕೊಂಡು ಪಾಪ ಕಟ್ಟಿಕೊಂಡದ್ದೂ ದಂಡ. ಆ ರಾತ್ರಿ ಊಟಕ್ಕೆ ಕೂತಾಗ ಶಾಂಭವಿಯ ತಾಟಿಗೆ ತಾನೇ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು. ಹಾಕುವಾಗ ಕೈಯಲ್ಲಿ ಪ್ರೀತಿ ಇರಲಿಲ್ಲ, ಸೋತವಳ ಮರ್ಯಾದೆ ಇತ್ತು.

ಅಸೂಟಿಯ ಗಾಳೆವ್ವ ಬಂದದ್ದು ಅದಾದ ಮೇಲೆ, ಒಂದು ಬಿಸಿಲೇರಿದ ಮುಂಜಾನೆ. ಅವಳ ತಾಯಿ ದೇವವ್ವ ತೀರಿಕೊಂಡಿದ್ದಳು. ಮಣ್ಣಿನ ದಿನ ಸಿದ್ದಾರೂಢನೇ ಹೋಗಿ, ಕೂಡಿಸಿದ ಹೆಣದ ಸುತ್ತ ಮನೆಮಂದಿಯನ್ನು ನಿಲ್ಲಿಸಿ ಫೋಟೋ ತೆಗೆದು ಬಂದಿದ್ದ. ಗಾಳೆವ್ವ ಬೆಂಚಿನ ಮೇಲೆ ಕೂರಲೂ ಇಲ್ಲ.

"ಅದು ಬ್ಯಾಡ್ರಿ ಯಕ್ಕಾ ನನಗ. ಕಣ್ ಮುಚ್ಚಿದ್ದು ಗ್ವಾಡಿಗೆ ಹ್ಯಾಂಗ ಹಾಕ್ಲಿ? ಕಣ್ ತೆರದದ್ದು ಬೇಕು. ನಮ್ಮವ್ವ ಜಲ್ಮದಾಗ ಒಂದ್ ಫೋಟೋ ತಗಿಸ್ಕೊಂಡಾಕಿ ಅಲ್ಲ. ನಮ್ಮ ಕಾಕಾನ ಮಗಳ ಮದವ್ಯಾಗ ನೀವು ಒಳಗ ಬಂದು ತಗದಿದ್ರಿ ನೋಡ್ರಿ, ಅರಿಷಿಣ ಹಚ್ಚೂ ಮುಂದ. ಅದರಾಗ ಇರಬೇಕ್ರಿ."

ಇದೆ ಎಂದಳು ರಾಜೇಶ್ವರಿ. ಅವಳಿಗೆ ಚೆನ್ನಾಗಿ ನೆನಪಿತ್ತು. ದೇವವ್ವ ಗಂಡ ಸತ್ತವಳು, ಅರಿಷಿಣದ ಹತ್ತಿರ ಬಾರದೆ ಕಣಜದ ಬದಿಗೆ ಸರಿದು ಕೂತು ಅಲ್ಲಿಂದಲೇ ಹಾಡು ಎತ್ತಿಕೊಟ್ಟಿದ್ದಳು. ಕ್ಯಾಮೆರಾ ಕಂಡು, ನನ್ನದ್ಯಾಕ ಮಗಳ, ಆಕೀದು ತಗಿ ಎಂದು ಕೈ ಅಡ್ಡ ಹಿಡಿದಿದ್ದಳು. ರಾಜೇಶ್ವರಿ ಕ್ಯಾಮೆರಾ ಇಳಿಸಿ ಬೇರೆ ಕಡೆ ನೋಡುವವಳಂತೆ ಕೂತು, ಮುದುಕಿ ಹಾಡಿನಲ್ಲಿ ಮೈಮರೆತದ್ದೇ ಮೆಲ್ಲಗೆ ಒತ್ತಿದ್ದಳು. ಅಂಥವರು ಎಷ್ಟೋ ಜನ, ವೇದಿಕೆಯ ಹತ್ತಿರ ಯಾರೂ ಕರೆಯದವರು, ಗಂಡನ ಕ್ಯಾಮೆರಾಕ್ಕೆ ಎಂದೂ ಬೀಳದವರು, ಅವಳ ಕ್ಯಾಮೆರಾದಲ್ಲಿ ಮಾತ್ರ ಇದ್ದವರು. "ನಾನಽ ತಗದೇನಿ, ಕುಂದ್ರು ತಂಗಿ" ಎಂದು ಕುರ್ಚಿಯಲ್ಲಿ ಕೂತಳು. ಮೂಲೆಯಲ್ಲಿದ್ದ ಮೌಸನ್ನು ಎಳೆದುಕೊಂಡಳು. ಅಸೂಟಿ, ಮನೆತನ, ಮದುವೆ. ಎಷ್ಟು ದಿನಗಳ ಮೇಲೆ ಯಾರೋ ಅವಳನ್ನೇ ಕೇಳಿಕೊಂಡು ಬಂದಿದ್ದರು. ಫೋಟೋಗಳು ಬಂದವು. ಮೊದಲನೆಯದು ತೋರಣ. ಎರಡನೆಯದು ಪಟಗ ಸುತ್ತಿಕೊಳ್ಳುತ್ತಿರುವ ಮದುಮಗಳ ಮಾವ. ಕೆಳಗಿಳಿದಳು, ಇನ್ನೂ ಕೆಳಗೆ. ವೇದಿಕೆ, ಅಕ್ಷತೆ, ಊಟದ ಪಂಕ್ತಿ, ಕೈಕುಲುಕುವ ಗಂಡಸರು. ಮತ್ತೆ ಮೇಲಿನಿಂದ ನೋಡಿದಳು. ಒಂದು ಹೆಂಗಸಿನ ಮುಖವೂ ಒಳಮನೆಯದಲ್ಲ. ಬೇರೆ ಮದುವೆ ತೆರೆದಳು. ನರೇಗಲ್ಲಿನದು. ಸವಡಿಯದು, ತನ್ನ ತಂಗಿಯದೇ ಮದುವೆ. ಎಲ್ಲ ಕಡೆ ತೋರಣ, ಪಟಗ, ವೇದಿಕೆ. ನುಂಗಿದ್ದು ಲೇಡೀಜ್ ಅಲ್ಲ, ಲೇಡೀಜನ್ನೇ ಮೇನ್ ನುಂಗಿತ್ತು.

ರಾಜೇಶ್ವರಿ ಕೂಗಿದ್ದಕ್ಕೆ ಶಾಂಭವಿ ಓಡಿ ಬಂದು ನಿಂತೇ ನಾಲ್ಕಾರು ಆಜ್ಞೆ ಒತ್ತಿದಳು. ಅವಳ ಮುಖ ನೋಡುನೋಡುತ್ತ ಬಿಳಿಚಿತು. ರಾಜೇಶ್ವರಿ ಆಸೆಪಟ್ಟ ಮುಖ ಅದೇ. ಈಗ ಅದನ್ನು ನೋಡಲು ಅವಳಿಗೆ ಬಿಡುವಿರಲಿಲ್ಲ.

"ಲೇಡೀಜ್ ಮೊದಲ ಸಾಗಿಸಿ, ಅದರ ಮ್ಯಾಲ ಮೇನ್ ತಂದ ಕುಂದರಿಸೈತ್ರಿ. ಇಂಗ್ಲಿಷ್ ಅಕ್ಷರದ ಸಾಲಿನ್ಯಾಗ ಎಂ ಕಿಂತ ಎಲ್ ಮೊದಲ ಬರ್ತೈತಿ. ಹೆಸರು ಒಂದಽ ಇದ್ರ ಕೇಳೂದಿಲ್ರಿ ಅದು, ಸುಮ್ನ ಅಳಿಸಿಬಿಡ್ತೈತಿ. ನಂದಽ ತಪ್ಪು. ನಾ ನಂಬರ್ ನೋಡ್ಬೇಕಿತ್ರಿ... ಅದರ ಮ್ಯಾಲ ಮತ್ತ ಹೊಸ ಮದವಿ ತುಂಬೇವಿ, ಇನ್ನ ಎಲ್ಲಿಗಿ ಒಯ್ದ್ರೂ ಬರೂದಿಲ್ರಿ ಅವು." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಕಳಕವ್ವ ಒಳಗಿನಿಂದ ಬಂದು ಏನು ಎತ್ತ ಕೇಳದೆ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಅಳು ಕೇಳಿ ಬಂದ ಸಿದ್ದಾರೂಢ ಗಾಬರಿಯಾಗಿ ಪರದೆಗೆ ಬಗ್ಗಿದ. ತನ್ನ ತಾಳಿಗಳನ್ನು, ತನ್ನ ಅಕ್ಷತೆಗಳನ್ನು ಒಂದೊಂದಾಗಿ ನೋಡಿ ನೆಟ್ಟಗಾಗಿ ಉಸಿರು ಬಿಟ್ಟ. "ಮೇನ್ ಎಲ್ಲಾ ಅದಾವಲ್ಲ! ಮತ್ತ ಯಾಕ ಅಳ್ತೀ ಹುಚ್ಚಿ? ಬರೇ ಹೆಂಗಸರ ಕಡೀವು ಹೋಗ್ಯಾವ. ಅವನ್ನ ಯಾರ್ ಕೇಳ್ತಾರ" ಎಂದ. ಕೇಳಲು ಬಂದವಳು ಎದುರಿಗೇ ನಿಂತಿದ್ದಾಳೆಂದು ಹೊಳೆದು ಮಾತು ನುಂಗಿದ. ಗಾಳೆವ್ವ ಯಾರ ಮುಖದಲ್ಲಿ ಉತ್ತರವಿದೆಯೆಂದು ತಿಳಿಯದೆ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡುತ್ತಿದ್ದಳು. ರಾಜೇಶ್ವರಿಗೆ ಕೂಗಬೇಕೆನ್ನಿಸಿತು. ಅವು ಬರೇ ಅಲ್ಲ, ನನ್ನವು, ಇಷ್ಟು ವರ್ಷ ನಾನು ನೋಡಿದ್ದೆಲ್ಲ ಅದರಲ್ಲಿತ್ತು ಎಂದು ಅಂಗಡಿ ಹಾರಿಹೋಗುವಂತೆ ಕೂಗಬೇಕೆನ್ನಿಸಿತು. ಹೋದದ್ದರ ತೂಕ ಎಷ್ಟೆಂದು ಈ ಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ, ಹೋಗುವುದಕ್ಕೆ ಬಿಟ್ಟವಳೂ ಅವಳೇ.

ಶಾಂಭವಿ ಕಣ್ಣೊರೆಸಿಕೊಂಡು ತಲೆಯೆತ್ತಿದಳು. ಅವಳ ದನಿಯಲ್ಲಿ ಆರೋಪವಿರಲಿಲ್ಲ. ತನ್ನ ತಪ್ಪಿಗೆ ತಳ ಎಲ್ಲಿದೆಯೆಂದು ಹುಡುಕುವವಳ ದನಿ ಅದು. "ಅಕ್ಕಾ, ಎರಡೂ ಕ್ಯಾಮೆರಾದಾಗ ಪ್ರತಿ ಮದವೀಗೆ ಒಂದರಿಂದ ನಂಬರ್ ಸುರು ಆಗ್ತಾವಂತ... ಒಂದಽ ಹೆಸರು ಬಿದ್ರ ಒಂದು ಹೋಗ್ತೈತಂತ... ನಿಮಗ ಗೊತ್ತಿತ್ತೇನ್ರಿ?"

ಎಲ್ಲರೂ ಅವಳತ್ತ ತಿರುಗಿದರು. ಗಂಡ, ಅತ್ತೆ, ಗಾಳೆವ್ವ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಈ ಅಂಗಡಿಯಲ್ಲಿ ಯಾರೋ ಅವಳನ್ನು, ನಿನಗೆ ಏನು ಗೊತ್ತು ಎಂದು ನಿಜವಾಗಿಯೂ ಕೇಳಿದ್ದರು. ರಾಜೇಶ್ವರಿ ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನನಗೇನ್ ತಿಳೀತೈತವಾ ಕಂಪ್ಯೂಟರಿನ್ಯಾಗ" ಎಂದಳು. "ಕಲತಾಕ್ಯೇನ್ ನಾನು? ಒತ್ತು ಅಂದ್ರ ಒತ್ತಾಕಿ, ಎಳಿ ಅಂದ್ರ ಎಳಿಯಾಕಿ."

"ಖರೇ ಐತಿ, ಆಕೀಗೇನ್ ಗೊತ್ತಿರ್ತೈತಿ ಅದೆಲ್ಲಾ" ಎಂದು ಸಿದ್ದಾರೂಢ ಕೂಡಲೇ ಅಂದ. ಕಳಕವ್ವ ಹೌದೆಂದು ತಲೆಯಾಡಿಸಿದಳು. ಶಾಂಭವಿ ಕೂಡ, ಅಷ್ಟನ್ನು ಕೇಳಿದ್ದೇ ತಪ್ಪಾಯಿತೆಂಬಂತೆ ಅವಳ ಭುಜ ಮುಟ್ಟಿ ಕ್ಷಮೆ ಕೇಳಿದಳು. ಯಾರೂ ಎರಡನೆಯ ಸಲ ಕೇಳಲಿಲ್ಲ.